ಊದದ ಸೀಟಿ

2023ರ ಮಾರ್ಚ್ 3, ಶುಕ್ರವಾರ. ಸೂಳೆಕೆರೆ ಕೆಳಗಿನ ನಮ್ಮೂರಿನಲ್ಲಿ ಆ ರಾತ್ರಿ ಜಗಲಿ ಮೇಲೆ ಎಚ್ಚರವಿದ್ದವರು ನಾನು ಮತ್ತು ನಮ್ಮಕ್ಕನ ಮಗ, ಇಬ್ಬರೇ. ಚೊಂಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ನಮ್ಮ ಚನ್ನಗಿರಿ ಕಡೆ ಫುಟ್‌ಬಾಲ್ ನೋಡುವವರು ಕಡಿಮೆ. ಕಬಡ್ಡಿ ಅಂದರೆ ಊರೇ ಕೂಡುತ್ತದೆ, ವಾಲಿಬಾಲಿಗೂ ಜನ ಇದ್ದಾರೆ, ಕ್ರಿಕೆಟ್ ಮಾತಂತೂ ಕೇಳುವುದೇ ಬೇಡ. ಬೆಂಗಳೂರಲ್ಲಿ ಓದಲು ಹೋಗಿ ಬಂದ ಹುಡುಗನಿಗೆ ಮಾತ್ರ ಈ ಹುಚ್ಚು. ಅವನಿಂದ ಅಂಟಿದ್ದು ನನಗೆ.

ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ ಅದು. ಲೀಗ್ ಹಂತದಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಿದ್ದ ಬೆಂಗಳೂರು ಎಫ್‌ಸಿ, ಐದನೆಯ ಸ್ಥಾನದ ಕೇರಳ ಬ್ಲಾಸ್ಟರ್ಸ್. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ. ಎರಡೂವರೆ ತಿಂಗಳ ಹಿಂದೆ ಇಡೀ ಜಗತ್ತು ಕತಾರ್ ವಿಶ್ವಕಪ್ ನೋಡಿ ಮುಗಿಸಿತ್ತು. ಇಲ್ಲಿ ಬೆಂಗಳೂರಿನ ನೀಲಿ ಅಂಗಿಯವರೂ ಕೇರಳದ ಹಳದಿ ಅಂಗಿಯ ‘ಮಂಜಪ್ಪಡ’ ಅಭಿಮಾನಿಗಳೂ ಅಷ್ಟೇ ಆವೇಶದಲ್ಲಿ ಕೂಗುತ್ತಿದ್ದರು. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಅವಧಿ ಶುರುವಾಯಿತು. ಹತ್ತು ನಿಮಿಷವೂ ಕಳೆದಿರಲಿಲ್ಲ, ಕೇರಳದ ಪೆನಾಲ್ಟಿ ಬಾಕ್ಸ್‌ನ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಗೋಡೆ ನಿಲ್ಲಿಸುವ ಗಡಿಬಿಡಿಯಲ್ಲಿದ್ದರು. ಗೋಡೆ ಎಂದರೆ ಚೆಂಡಿಗೆ ಅಡ್ಡವಾಗಿ ಸಾಲು ನಿಲ್ಲುವ ಆಟಗಾರರು. ಅದಿನ್ನೂ ಕಟ್ಟಿ ಆಗಿರಲಿಲ್ಲ. ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಬಲೆಗೆ ಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು.

‘ಮಾವ, ಸೀಟೀನೇ ಊದಿಲ್ಲ, ಗೋಲು ಹೆಂಗ್ ಕೊಟ್ರು?’ ಎಂದ ಹುಡುಗ.

‘ಊದ್ಲೇಬೇಕು ಅಂತ ಎಲ್ಲೈತಲೇ ರೂಲು?’ ಎಂದೆ. ಅಂದದ್ದು ಹುಂಬತನದಿಂದ, ತಿಳಿದಲ್ಲ.

ಕೇರಳದ ಆಟಗಾರರು ರೆಫರಿಯನ್ನು ಸುತ್ತುವರಿದರು. ಸರ್ಬಿಯಾದ ಅವರ ಕೋಚ್ ಇವಾನ್ ವುಕೊಮನೊವಿಚ್ ಮೈದಾನದೊಳಕ್ಕೇ ಬಂದು, ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಹೊರಟರು. ಮೊದಲು ನಮಗೆ ಇದು ಹೆದರಿಸುವ ಆಟ ಅನ್ನಿಸಿತು. ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರು ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿ ನೋಡುತ್ತಾರಲ್ಲ, ಹಾಗೆ. ಇವರು ತಿರುಗಲಿಲ್ಲ. ಬೆಂಗಳೂರಿನವರು ಮೈದಾನದಲ್ಲೇ ನಿಂತಿದ್ದರು. ಸುಮಾರು 20 ನಿಮಿಷ ಕಾದು ಪಂದ್ಯ ಮುಗಿಯಿತು ಎಂದು ಸಾರಿದರು. ಬೆಂಗಳೂರು ಸೆಮಿಫೈನಲ್ ಸೇರಿತು. ಐಎಸ್‌ಎಲ್‌ನಲ್ಲಿ ಒಂದು ತಂಡ ಪಂದ್ಯದ ನಡುವೆ ಎದ್ದು ಹೋದದ್ದು ಅದೇ ಮೊದಲು.

ಹುಡುಗನ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಿಯಮ ಪುಸ್ತಕ ಹುಡುಕಿ ಓದಿದೆ. ಉತ್ತರ ಅಲ್ಲಿ ಸ್ಪಷ್ಟವಾಗಿಯೇ ಇದೆ. ಬಹುಪಾಲು ಫ್ರೀ ಕಿಕ್‌ಗಳಿಗೆ ಸೀಟಿ ಬೇಕಿಲ್ಲ. ಚೆಂಡು ಅಲುಗದೆ ನಿಂತಿದ್ದರೆ ಸಾಕು, ಒದೆಯಬಹುದು. ತಪ್ಪು ಮಾಡಿದ ತಂಡಕ್ಕೆ ಗೋಡೆ ಕಟ್ಟಿಕೊಳ್ಳಲು ಸಮಯ ಕೊಡಬೇಕೆಂಬ ಹಕ್ಕು ಎಲ್ಲೂ ಬರೆದಿಲ್ಲ. ಸೀಟಿ ಬೇಕಾಗುವುದು ಕೆಲವೇ ಸಂದರ್ಭಗಳಲ್ಲಿ: ಎದುರಾಳಿಗಳನ್ನು 9.15 ಮೀಟರ್ ಹಿಂದಕ್ಕೆ ಸರಿಸಿ ಎಂದು ಒದೆಯುವವರು ಕೇಳಿದಾಗ, ಯಾರಿಗಾದರೂ ಹಳದಿ ಅಥವಾ ಕೆಂಪು ಕಾರ್ಡ್ ತೋರಿಸಿದಾಗ, ಗಾಯಕ್ಕೋ ಆಟಗಾರರ ಬದಲಾವಣೆಗೋ ಆಟ ನಿಂತಾಗ. ರೆಫರಿ ಒಮ್ಮೆ ಗೋಡೆ ಸರಿಸುವ ಕೆಲಸಕ್ಕೆ ಕೈಹಾಕಿದರೆ ಆಮೇಲೆ ಸೀಟಿ ಊದುವ ತನಕ ಯಾರೂ ಚೆಂಡು ಮುಟ್ಟುವಂತಿಲ್ಲ.

ಅಂದಮೇಲೆ ಜಗಳ ನಿಯಮದ್ದಲ್ಲ. ಆ ಕೆಲವು ಸೆಕೆಂಡುಗಳಲ್ಲಿ ರೆಫರಿಗೂ ಛೆಟ್ರಿಗೂ ನಡುವೆ ಏನು ಮಾತಾಯಿತು ಎಂಬುದೊಂದೇ ಪ್ರಶ್ನೆ. ಪಂದ್ಯದ ನಂತರ ಛೆಟ್ರಿ ಹೇಳಿದ್ದು ಇಷ್ಟು: ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ತಿಳಿಸಿದೆ, ಖಚಿತವೇ ಎಂದು ಅವರು ಕೇಳಿದರು, ಹೌದು ಎಂದೆ, ಆ ಮಾತು ಕೇರಳದ ಏಡ್ರಿಯನ್ ಲೂನಾ ಕಿವಿಗೂ ಬಿದ್ದಿರಬೇಕು, ಅದಕ್ಕೇ ಮೊದಲ ಸಲ ಒದೆಯಲು ಹೋದಾಗ ಅಡ್ಡ ಬಂದರು. ಕೇರಳದ ವಾದ ಇದಕ್ಕೆ ತೀರಾ ವಿರುದ್ಧ. ರೆಫರಿಯೇ ಆಟ ತಡೆದು ನಿಲ್ಲಿಸಿದ್ದರು, ಗೋಲ್‌ಕೀಪರ್ ಅದನ್ನು ನಂಬಿ ಗೋಡೆ ಕಟ್ಟುತ್ತಿದ್ದರು ಎಂಬುದು ಅವರ ಅಳಲು.

ನಮ್ಮ ಸೀಮೆಯವರಿಗೆ ಈ ಬಗೆಯ ಜಗಳ ಹೊಸದೇನಲ್ಲ. ನಾಲೆ ನೀರಿನ ಸರದಿಯಲ್ಲಿ ನೀರಗಂಟಿ ಒಬ್ಬನಿಗೆ ‘ತಿರುವಿಕೋ’ ಎಂದದ್ದು ಇನ್ನೊಬ್ಬನಿಗೆ ಕೇಳಿಸಿರುವುದಿಲ್ಲ. ಬೆಳಗಾಗುವುದರೊಳಗೆ ಮಡೆ ಒಡೆದಿರುತ್ತದೆ, ತಲೆಯೂ ಒಡೆದಿರುತ್ತದೆ. ಸೂಳೆಕೆರೆಯ ಹೆಸರೇ ಒಂದು ಬಾಯಿಮಾತಿನ ಮೇಲೆ ನಿಂತಿದೆ. ಜನ ಹೇಳುವ ಕಥೆಯಂತೆ, ಕೆರೆ ಕಟ್ಟಿಸಲು ಹೊರಟ ಅರಸುಮಗಳು ಶಾಂತವ್ವನಿಗೆ ಅಲ್ಲಿದ್ದ ಸೂಳೆಯರು ಜಾಗ ಬಿಟ್ಟುಕೊಟ್ಟದ್ದು ತಮ್ಮ ಹೆಸರು ಕೆರೆಗೆ ಉಳಿಯಬೇಕೆಂಬ ಷರತ್ತಿನ ಮೇಲೆ. ಸರ್ಕಾರ ಬೋರ್ಡಿನ ಮೇಲೆ ಶಾಂತಿಸಾಗರ ಎಂದು ಎಷ್ಟು ಸಲ ಬರೆಸಿದರೂ ಬಸ್ಸಿನ ಕಂಡಕ್ಟರ್ ಕೂಗುವುದು ಸೂಳೆಕೆರೆ ಎಂದೇ. ಆ ಮಾತಿಗೆ ಊರೆಲ್ಲ ಸಾಕ್ಷಿ. ಕಂಠೀರವದ ಮಾತಿಗೆ ಸಾಕ್ಷಿ ಯಾರು?

ಇಂಥದ್ದೇ ಗೋಲು ಲಂಡನ್ನಿನಲ್ಲಿ 2004ರ ಡಿಸೆಂಬರ್ 12ರಂದು ಆಗಿತ್ತು. ಆರ್ಸೆನಲ್ ಮತ್ತು ಚೆಲ್ಸಿ ನಡುವಿನ ಪಂದ್ಯ. ಫ್ರೀ ಕಿಕ್ ಸಿಕ್ಕಾಗ ಥಿಯರಿ ಆನ್ರಿ ಬೇಗ ಒದೆಯಬಹುದೇ ಎಂದು ರೆಫರಿ ಗ್ರಹಾಂ ಪೋಲ್ ಅವರನ್ನು ಕೇಳಿದರು, ಅವರು ಒಪ್ಪಿದರು. ಚೆಲ್ಸಿ ಗೋಲ್‌ಕೀಪರ್ ಪೀಟರ್ ಚೆಕ್ ಕಂಬದ ಪಕ್ಕ ನಿಂತು ಗೋಡೆ ಜೋಡಿಸುತ್ತಿರುವಾಗಲೇ ಚೆಂಡು ಬಲೆಯೊಳಗೆ. ಚೆಲ್ಸಿಯ ಕೋಚ್ ಹೋಸೆ ಮೊರಿನ್ಯೊ ಕೆಂಡವಾದರು. ಆದರೆ ತಂಡ ಎದ್ದು ಹೋಗಲಿಲ್ಲ, ಆಡಿ 2–2ರ ಸಮ ಮಾಡಿಕೊಂಡಿತು. ವುಕೊಮನೊವಿಚ್ ಅವರ ಕೈಯಲ್ಲೂ ಇನ್ನೂ 20 ನಿಮಿಷಕ್ಕೆ ಮಿಗಿಲಾದ ಆಟ ಉಳಿದಿತ್ತು. ಅದನ್ನು ನೆನೆದಾಗಲೆಲ್ಲ ನನಗೆ ಕೇರಳದ ಆ ಹುಡುಗರ ಬಗ್ಗೆ ಕನಿಕರವಾಗುತ್ತದೆ. ಎದ್ದು ಹೋಗುವ ತೀರ್ಮಾನ ಅವರದ್ದಾಗಿರಲಿಲ್ಲ.

ಪ್ರತಿಭಟನೆಯಿಂದ ಗೆದ್ದವರೂ ಇತಿಹಾಸದಲ್ಲಿದ್ದಾರೆ, ಆ ಕಥೆ ಇನ್ನೂ ವಿಚಿತ್ರ. 1982ರ ಜೂನ್ 21, ಸ್ಪೇನಿನ ವಯ್ಯಾದೊಲಿದ್. ವಿಶ್ವಕಪ್‌ನಲ್ಲಿ ಫ್ರಾನ್ಸ್ ಎದುರು ಕುವೈತ್ 1–3ರಿಂದ ಹಿಂದಿತ್ತು. ಪ್ರೇಕ್ಷಕರ ನಡುವಿನಿಂದ ಯಾರೋ ಊದಿದ ಸೀಟಿ ಕೇಳಿ ಕುವೈತಿನ ಆಟಗಾರರು ನಿಂತುಬಿಟ್ಟರು. ಅಲೆನ್ ಜಿರೆಸ್ ಗೋಲು ಹೊಡೆದರು. ಕುವೈತ್ ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಶೇಖ್ ಫಹದ್ ನಿಲುವಂಗಿ, ತಲೆವಸ್ತ್ರದಲ್ಲೇ ಗ್ಯಾಲರಿಯಿಂದಿಳಿದು ಮೈದಾನಕ್ಕೆ ಬಂದರು. ಸೋವಿಯತ್ ರೆಫರಿ ಮಿರೊಸ್ಲಾವ್ ಸ್ತೂಪರ್ ಕೊಟ್ಟ ಗೋಲನ್ನು ವಾಪಸ್ ಪಡೆದರು! ಫ್ರಾನ್ಸ್ ಹೇಗೂ 4–1ರಿಂದ ಗೆದ್ದಿತು. ಕುವೈತಿಗೆ ದಂಡ ಬಿತ್ತು, ಸ್ತೂಪರ್ ಅವರ ಅಂತರರಾಷ್ಟ್ರೀಯ ರೆಫರಿಗಿರಿ ಅಲ್ಲಿಗೆ ಮುಗಿಯಿತು. ಅಲ್ಲಿ ಊದಬಾರದವರು ಊದಿದ ಸೀಟಿ, ಇಲ್ಲಿ ಊದದೇ ಹೋದ ಸೀಟಿ.

ಕಂಠೀರವದ ಗದ್ದಲದಲ್ಲಿ ಕನ್ನಡಿಗರು ಇನ್ನೊಂದು ಸುದ್ದಿಯನ್ನು ಸರಿಯಾಗಿ ಸಂಭ್ರಮಿಸಲೇ ಇಲ್ಲ. ಮರುದಿನವೇ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ಅದಕ್ಕೂ ಮೊದಲು ನಾವು ಆ ಟ್ರೋಫಿ ಗೆದ್ದದ್ದು 1968–69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ನಡುವೆ 54 ವರ್ಷ. ರವಿ ಬಾಬು ರಾಜು ತರಬೇತಿಯ ಆ ತಂಡದಲ್ಲಿ ಟಿವಿಯಲ್ಲಿ ಮಿಂಚುವ ಹೆಸರುಗಳಿರಲಿಲ್ಲ. ಆ ಟೂರ್ನಿಯ ಕೊನೆಯ ಹಂತಕ್ಕೆ ವಿಎಆರ್ ಬಳಸುವುದಾಗಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಪ್ರಕಟಿಸಿತ್ತು. ವಿಎಆರ್ ಅಂದರೆ ಪರದೆಯ ಮುಂದೆ ಕೂತು ರೆಫರಿಗೆ ಕಿವಿಮಾತು ಹೇಳುವ ಇನ್ನೊಬ್ಬ ರೆಫರಿ. ಕೋಟಿಗಟ್ಟಲೆ ಸುರಿಯುವ ಐಎಸ್‌ಎಲ್‌ಗೆ ಇಲ್ಲದ ಸೌಲಭ್ಯ ರಾಜ್ಯ ತಂಡಗಳ ಹಳೇ ಟ್ರೋಫಿಗೆ, ಅದೂ ಪರದೇಶದಲ್ಲಿ.

ಕಂಠೀರವದ ಬಳಿಕ ಎಲ್ಲರ ಬಾಯಲ್ಲೂ ಅದೇ ಬೇಡಿಕೆ: ವಿಎಆರ್ ತನ್ನಿ. ಫೆಡರೇಷನ್ ಅಧ್ಯಕ್ಷ ಕಲ್ಯಾಣ್ ಚೌಬೆ ಕಡಿಮೆ ಖರ್ಚಿನ ‘ವಿಎಆರ್ ಲೈಟ್’ ಮಾತಾಡಿದರು. ಈ ಬೇಡಿಕೆಗೆ ಬಲ ಬಂದದ್ದು ಕತಾರಿನಿಂದ. 2022ರ ನವೆಂಬರ್ 20ರಂದು ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಈಕ್ವೆಡಾರ್‌ನ ಎನ್ನೆರ್ ವಲೆನ್ಸಿಯಾ ಹೊಡೆದ ಗೋಲು ರದ್ದಾಗಿತ್ತು. ಅವರ ಜೊತೆಗಾರನೊಬ್ಬನ ಕಾಲು ಕೊನೆಯಿಂದ ಎರಡನೆಯ ಎದುರಾಳಿಗಿಂತ ಒಂದಿಷ್ಟು ಮುಂದೆ ಹೋಗಿತ್ತು, ಅದನ್ನೇ ಆಫ್‌ಸೈಡ್ ಎನ್ನುವುದು. ಹಿಡಿದದ್ದು ಮನುಷ್ಯರ ಕಣ್ಣಲ್ಲ. ಚಾವಣಿಯ ಕೆಳಗೆ 12 ಕ್ಯಾಮೆರಾ, ಪ್ರತಿ ಆಟಗಾರನ ಮೈಯಲ್ಲಿ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಅಳೆಯುವ ಲೆಕ್ಕ, ಚೆಂಡಿನೊಳಗೆ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುವ ಸೆನ್ಸರ್.

ಆಫ್‌ಸೈಡ್‌ಗೆ ಇಷ್ಟು ಸರಂಜಾಮು ಏಕೆಂದರೆ ಫುಟ್‌ಬಾಲಿನ ಅತಿ ಹಳೆಯ ಜಗಳ ಅದೇ. 1863ರಲ್ಲಿ ಲಂಡನ್ನಿನಲ್ಲಿ ಮೊದಲ ನಿಯಮಗಳನ್ನು ಬರೆದಾಗ ಚೆಂಡಿಗಿಂತ ಮುಂದೆ ನಿಂತ ಜೊತೆಗಾರ ಆಟಕ್ಕೆ ಲೆಕ್ಕವೇ ಇರಲಿಲ್ಲ. 1866ರಲ್ಲಿ ಸಡಿಲಿಸಿದರು: ತನಗೂ ಗೋಲಿಗೂ ನಡುವೆ ಎದುರಾಳಿಗಳು ಮೂವರಿದ್ದರೆ ಸರಿ. ರಕ್ಷಣೆಯವರು ಅದನ್ನೇ ಬಲೆ ಮಾಡಿಕೊಂಡರು. ನ್ಯೂಕ್ಯಾಸಲ್‌ನ ಬಿಲ್ ಮೆಕ್‌ಕ್ರ್ಯಾಕನ್ ಸರಿಯಾದ ಗಳಿಗೆಗೆ ಎರಡು ಹೆಜ್ಜೆ ಮುಂದೆ ಸರಿದು ಎದುರಾಳಿಗಳನ್ನು ಆಫ್‌ಸೈಡಿಗೆ ಕೆಡವುವುದರಲ್ಲಿ ಎಷ್ಟು ಪಳಗಿದ್ದರೆಂದರೆ, ಆಟ ನೋಡಲು ಬಂದವರಿಗೆ ಬೇಸರ ಬಂತು. 1925ರಲ್ಲಿ ಮೂವರನ್ನು ಇಬ್ಬರಿಗೆ ಇಳಿಸಿದರು. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ ಹಿಂದಿನ ವರ್ಷ 1,192 ಇದ್ದ ಗೋಲುಗಳು ಒಂದೇ ವರ್ಷದಲ್ಲಿ 1,703ಕ್ಕೇರಿದವು. 1990ರಲ್ಲಿ ಇನ್ನೊಂದು ಗಂಟು ಬಿಚ್ಚಿದರು, ಸಮಸಮ ನಿಂತರೂ ಸರಿ ಎಂದು.

ಗೆರೆ ಯಾರ ಕಣ್ಣಿಗೆ ಎಲ್ಲಿ ಕಂಡಿತು ಎಂಬ ಜಗಳ ಮಾತ್ರ ನಿಲ್ಲಲಿಲ್ಲ. 2010ರ ಜೂನ್ 27, ಜೊಹಾನ್ಸ್‌ಬರ್ಗ್. ಅರ್ಜೆಂಟೀನಾದ ಕಾರ್ಲೋಸ್ ತೆವೆಜ್ ಮೆಕ್ಸಿಕೊ ವಿರುದ್ಧ ಹೊಡೆದ ಗೋಲು ಕಣ್ಣಿಗೆ ಹೊಡೆಯುವಂತಹ ಆಫ್‌ಸೈಡ್. ಕ್ರೀಡಾಂಗಣದ ದೊಡ್ಡ ಪರದೆಯ ಮೇಲೆ ಅದನ್ನು ಮತ್ತೆ ತೋರಿಸಿಯೂ ಬಿಟ್ಟರು. ಸಾವಿರಾರು ಜನ ನೋಡಿದರು. ಆದರೂ ಗೋಲು ಗೋಲೇ, ಯಾಕೆಂದರೆ ಪರದೆ ನೋಡಿ ತೀರ್ಪು ಬದಲಿಸಲು ಆಗ ನಿಯಮ ಬಿಡುತ್ತಿರಲಿಲ್ಲ. ವಿಶ್ವಕಪ್‌ಗೆ ವಿಎಆರ್ ಬಂದದ್ದು 2018ರಲ್ಲಿ.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಹೇಳುತ್ತೇನೆ. ಆಗ ವಿಎಆರ್ ನಾಲ್ಕೇ ವಿಚಾರಕ್ಕೆ ಬಾಯಿ ಹಾಕಬಹುದಿತ್ತು: ಗೋಲು ಹೌದೋ ಅಲ್ಲವೋ, ಪೆನಾಲ್ಟಿ, ನೇರ ಕೆಂಪು ಕಾರ್ಡ್, ತಪ್ಪು ಆಟಗಾರನಿಗೆ ಕಾರ್ಡ್ ತೋರಿಸಿದ್ದು. ಗೋಲಿನ ಲೆಕ್ಕದಲ್ಲಿ ಅದು ನೋಡುವುದು ಆಫ್‌ಸೈಡ್, ಕೈ ತಾಗಿದ್ದು, ಫೌಲ್, ಚೆಂಡು ಗೆರೆ ದಾಟಿದ್ದು ಇಂಥವನ್ನು. ನಿಂತ ಆಟವನ್ನು ರೆಫರಿ ಹೇಗೆ ಮತ್ತೆ ಶುರುಮಾಡಿಸಿದರು, ಸೀಟಿ ಊದಬೇಕಿತ್ತೋ ಬೇಡವೋ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಯಾವ ಗೋಲಿನ ನೆಪದಲ್ಲಿ ದೇಶವೆಲ್ಲ ವಿಎಆರ್ ಬೇಡಿತೋ, ಆ ಗೋಲಿಗೆ ವಿಎಆರ್‌ನಲ್ಲಿ ಮದ್ದೇ ಇರಲಿಲ್ಲ. ಕ್ಯಾಮೆರಾ ಕಾಲಿನ ಬೆರಳು ಅಳೆಯುತ್ತದೆ. ‘ಬೇಗ ಒದೆಯಲೇ?’ ‘ಒದಿ’ ಎಂಬುದನ್ನು ಅಳೆಯುವುದಿಲ್ಲ.

ಪಂದ್ಯ ಮತ್ತೆ ಆಡಿಸಿ ಎಂಬ ಕೇರಳದ ಕೋರಿಕೆಯನ್ನು ಫೆಡರೇಷನ್ ತಳ್ಳಿಹಾಕಿತು. ಆಟದ ಸಂಗತಿಗಳ ಮೇಲೆ ರೆಫರಿಯ ತೀರ್ಮಾನವೇ ಕೊನೆ, ಗೋಲಾಯಿತೋ ಇಲ್ಲವೋ ಎಂಬುದೂ ಅದರಲ್ಲಿ ಸೇರಿದೆ ಎಂದು ನಿಯಮ ಪುಸ್ತಕವೇ ಹೇಳುತ್ತದೆ. ಮಾರ್ಚ್ 31ರಂದು ಶಿಸ್ತು ಸಮಿತಿಯ ತೀರ್ಪು ಹೊರಬಿತ್ತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಬಹಿರಂಗ ಕ್ಷಮೆ ಕೇಳದಿದ್ದರೆ 6 ಕೋಟಿ. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ, ಕ್ಷಮೆ ಕೇಳದಿದ್ದರೆ 10 ಲಕ್ಷ. ಏಪ್ರಿಲ್ ಶುರುವಿನಲ್ಲೇ ಇಬ್ಬರೂ ಕ್ಷಮೆ ಕೇಳಿದರು. ಆಮೇಲಿನ ಮೇಲ್ಮನವಿಗೆ ಫಲ ಸಿಗಲಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಮೇಲ್ಪಂಕ್ತಿಯೂ ಇತ್ತು. 2012ರ ಡಿಸೆಂಬರ್ 9ರಂದು ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಎದುರಿನ ಪಂದ್ಯದಲ್ಲಿ ಮೋಹನ್ ಬಾಗಾನ್‌ನ ರಹೀಂ ನಬಿಗೆ ಗ್ಯಾಲರಿಯಿಂದ ಕಲ್ಲೇಟು ಬಿದ್ದು, ತಂಡ ವಿರಾಮದ ಬಳಿಕ ಮೈದಾನಕ್ಕಿಳಿಯಲಿಲ್ಲ. ಐ–ಲೀಗ್‌ನಿಂದ ಅವರನ್ನು ಮೊದಲು ನಿಷೇಧಿಸಿ, ಕೊನೆಗೆ 2 ಕೋಟಿ ದಂಡಕ್ಕೆ ಇಳಿಸಿದರು. ಕಲ್ಲು ಬಿದ್ದರೂ ಎದ್ದು ಹೋಗಬಾರದು ಎಂಬುದು ಕಠಿಣ ಮಾತೇ. ಗೋಲು ಬಿದ್ದದ್ದಕ್ಕೆ ಎದ್ದು ಹೋದವರಿಗೆ ಅದಕ್ಕಿಂತ ಕಡಿಮೆ ಹಾಕಲು ಹೇಗೆ ಬಂದೀತು?

ಬೆಂಗಳೂರಿನ ಕಡೆಗೂ ಚಕ್ರ ತಿರುಗಿತು. ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ಸೋಲಿಸಿ, ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಫೈನಲ್ ಆಡಿತು. 2–2ರ ಸಮ. ಎದುರಾಳಿಗಳ ಎರಡೂ ಗೋಲು ಪೆನಾಲ್ಟಿಯಿಂದ ಬಂದವು, ದಿಮಿತ್ರಿ ಪೆಟ್ರಾಟೋಸ್ ಹೊಡೆದರು. ಶೂಟೌಟ್‌ನಲ್ಲಿ 4–3ರಿಂದ ಸೋಲು. ಐಎಸ್‌ಎಲ್‌ಗೆ ವಿಎಆರ್ ತರಲೇಬೇಕು, ಇಂಥ ತೀರ್ಮಾನಗಳು ದೊಡ್ಡ ಪಂದ್ಯಗಳನ್ನು ಹಾಳುಮಾಡುತ್ತಿವೆ ಎಂದು ಬೆಂಗಳೂರಿನ ಮಾಲೀಕ ಪಾರ್ಥ್ ಜಿಂದಾಲ್ ಆ ರಾತ್ರಿಯೇ ಟ್ವೀಟ್ ಮಾಡಿದರು. ಹದಿನೈದು ದಿನಗಳ ಹಿಂದೆ ರೆಫರಿಯ ಮಾತೇ ಅಂತಿಮ ಎಂದು ವಾದಿಸುತ್ತಿದ್ದ ನೀಲಿ ಅಂಗಿಯವರೆಲ್ಲ ಅದನ್ನು ಹಂಚಿಕೊಂಡರು. ನಮ್ಮ ಹುಡುಗನೂ ಅದರಲ್ಲಿ ಒಬ್ಬ!

ಕಂಠೀರವದ ಬಿಸಿ ಆ ವರ್ಷ ಆರಲಿಲ್ಲ. ಜೂನ್ 21ರಂದು ಅಲ್ಲೇ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಪಾಕಿಸ್ತಾನವನ್ನು 4–0ಯಿಂದ ಸೋಲಿಸಿದ ಪಂದ್ಯದಲ್ಲಿ, ಥ್ರೋ ಮಾಡಲು ಹೋದ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ತಟ್ಟಿದ ಭಾರತದ ಕೋಚ್ ಇಗೊರ್ ಸ್ಟಿಮಾಚ್‌ಗೆ ಕೆಂಪು ಕಾರ್ಡ್ ಬಿತ್ತು. ಆರೇ ದಿನಕ್ಕೆ ಕುವೈತ್ ಎದುರು ಮತ್ತೊಂದು. ಗೆಲ್ಲುತ್ತಿದ್ದವರಿಗೆ ಅಷ್ಟು ಸಿಟ್ಟೇಕೆ ಎಂಬುದು ನನಗಂತೂ ಇವತ್ತಿಗೂ ತಿಳಿದಿಲ್ಲ.

2024ರ ಜೂನ್ 11ರಂದು ದೋಹಾದಲ್ಲಿ ನಿಜವಾದ ಅನ್ಯಾಯವೇ ಆಯಿತು. ಛೆಟ್ರಿ ಐದು ದಿನದ ಹಿಂದಷ್ಟೇ ದೇಶದ ಅಂಗಿ ಕಳಚಿಟ್ಟಿದ್ದರು. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಕತಾರ್ ಎದುರು ನಾಯಕನಾಗಿ ನಿಂತವರು ಬೆಂಗಳೂರು ಎಫ್‌ಸಿಯದೇ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. ಭಾರತ 1–0 ಮುಂದಿತ್ತು. 73ನೇ ನಿಮಿಷದಲ್ಲಿ ಚೆಂಡು ಗೋಲಿನ ಪಕ್ಕದಲ್ಲಿ ಗೆರೆ ದಾಟಿ ಹೊರಹೋಯಿತು. ಕತಾರಿನ ಆಟಗಾರನೊಬ್ಬ ಅದನ್ನು ಕಾಲಿನಿಂದ ಒಳಗೆಳೆದ, ಯೂಸುಫ್ ಐಮನ್ ಗೋಲು ಹೊಡೆದರು. ಕೊರಿಯಾದ ರೆಫರಿಯೂ ಗೆರೆಯ ಮೇಲಿನವರೂ ಗೋಲು ಎಂದರು. ಅಲ್ಲಿ ವಿಎಆರ್ ಇರಲಿಲ್ಲ. ಇದ್ದಿದ್ದರೆ ಒಂದು ನಿಮಿಷದ ಕೆಲಸ. ಗುರ್‌ಪ್ರೀತ್ ಕೂಗಾಡಿದರು, ತಂಡವನ್ನು ಕರೆದುಕೊಂಡು ಹೋಗಲಿಲ್ಲ. ಭಾರತ 1–2ರಿಂದ ಸೋತು ವಿಶ್ವಕಪ್ ದಾರಿ ಮುಚ್ಚಿತು.

ಈಗ ನನ್ನ ಪಂಚಾಯ್ತಿ ತೀರ್ಪು, ಒಪ್ಪುವವರು ಒಪ್ಪಿ. ಛೆಟ್ರಿಯ ಗೋಲು ಗೋಲೇ. ಎದ್ದು ಹೋದದ್ದು ತಪ್ಪೇ. ಆದರೆ ಮೊದಲ ತಪ್ಪು ಅದಲ್ಲ. ಬೇಗ ಒದೆಯುವವರಿಗೆ ಬೇಕೆಂದೇ ಅಡ್ಡ ಬಂದರೆ ಹಳದಿ ಕಾರ್ಡ್ ಎಂದು ನಿಯಮ ಹೇಳುತ್ತದೆ. ಲೂನಾ ಅಡ್ಡ ಬಂದ ಆ ಗಳಿಗೆಯಲ್ಲೇ ಕ್ರಿಸ್ಟಲ್ ಜಾನ್ ಕಾರ್ಡ್ ಎತ್ತಿದ್ದರೆ, ಕಾರ್ಡಿನ ಹಿಂದೆಯೇ ಸೀಟಿ ಕಡ್ಡಾಯವಾಗುತ್ತಿತ್ತು. ಗಿಲ್ ಗೋಡೆ ಕಟ್ಟಿಕೊಳ್ಳುತ್ತಿದ್ದರು, ಛೆಟ್ರಿ ಗೋಡೆಯ ಮೇಲಿಂದ ಒದೆಯುತ್ತಿದ್ದರು, ಗೋಲಾಗುತ್ತಿತ್ತೋ ಇಲ್ಲವೋ, ಯಾರೂ ಮನೆಗೆ ಹೋಗುತ್ತಿರಲಿಲ್ಲ.

2023ರ ಸೆಪ್ಟೆಂಬರ್ 21ರಂದು ಹೊಸ ಆವೃತ್ತಿಯ ಮೊದಲ ಪಂದ್ಯಕ್ಕೆ ಕೊಚ್ಚಿಯಲ್ಲಿ ಇವೇ ಎರಡು ತಂಡಗಳು ಎದುರಾದವು. ನಿಷೇಧ ಮುಗಿಯದ ವುಕೊಮನೊವಿಚ್‌ಗೆ ಮೈದಾನದ ಅಂಚಿನಲ್ಲಿ ನಿಲ್ಲಲು ಅಪ್ಪಣೆ ಇರಲಿಲ್ಲ. ಕೇರಳ 2–1ರಿಂದ ಗೆದ್ದಿತು.